ಹಾಲು ಕಕ್ಕುವ ಕೂಸಿಗೆ ಹುಳಿಯ ಮದ್ದು ಬೇಕೆ?

ಎರಡು ತಿಂಗಳ ಕೂಸು ಹೊಟ್ಟೆ ತುಂಬ ಹಾಲು ಕುಡಿದು ತಾಯಿಯ ಹೆಗಲಿಗೆ ಒರಗುತ್ತದೆ. ಒಂದು ತೇಗು ಬರುತ್ತದೆ. ಅದರ ಬೆನ್ನಿಗೇ ಬಾಯಿಯ ಅಂಚಿನಿಂದ ಹಾಲು ಇಳಿದು ಸೆರಗು ಒದ್ದೆಯಾಗುತ್ತದೆ. ಮನೆಯ ಅಜ್ಜಿ ‘ಹೆಚ್ಚಾದದ್ದು ಹೊರಗೆ ಬಂತು ಬಿಡು’ ಎಂದು ನಕ್ಕು ಸುಮ್ಮನಾಗುತ್ತಾರೆ. ಪಕ್ಕದ ಮನೆಯಾಕೆ ‘ಹೀಗೆ ಕಕ್ಕಿದರೆ ಮಗುವಿಗೆ ದಕ್ಕುವುದಾದರೂ ಏನು?’ ಎಂದು ಹೆದರಿಸುತ್ತಾರೆ. ರಾತ್ರಿ ಮಗು ಕಾಲು ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಎರಡು ಗಂಟೆ ಅಳುತ್ತದೆ. ಮೂರನೆಯ ದಿನ ತಂದೆ ಔಷಧದ ಅಂಗಡಿಯ ಮುಂದೆ ನಿಂತಿರುತ್ತಾನೆ. ‘ಆಸಿಡಿಟಿ ಇರಬೇಕು, ಈ ಡ್ರಾಪ್ಸ್ ಹಾಕಿ’ ಎಂಬ ಉತ್ತರ ಸಿಗುತ್ತದೆ.

ಅಜ್ಜಿ, ನೆರೆಯಾಕೆ, ಅಂಗಡಿಯವನು, ಈ ಮೂವರಲ್ಲಿ ಯಾರು ಸರಿ? ಬಹುತೇಕ ಸಂದರ್ಭಗಳಲ್ಲಿ ಅಜ್ಜಿಯೇ ಸರಿ. ಆದರೆ ಕೆಲವೊಮ್ಮೆ ಆಕೆಯ ಮಾತು ಅಪಾಯಕ್ಕೂ ದಾರಿಯಾಗಬಹುದು. ಯಾವಾಗ ತಾಳ್ಮೆ, ಯಾವಾಗ ಆಹಾರದಲ್ಲಿ ಬದಲಾವಣೆ, ಯಾವಾಗ ಔಷಧ ಎಂಬುದನ್ನು ತಿಳಿಯಬೇಕಾದರೆ ಹಾಲು ಏಕೆ ಮೇಲೆ ಬರುತ್ತದೆ ಎಂಬಲ್ಲಿಂದಲೇ ಆರಂಭಿಸಬೇಕು.

ಬಾಗಿಲು ಕಾಯುವ ಸ್ನಾಯು

ಬಾಯಿಯಿಂದ ಜಠರಕ್ಕೆ ಇಳಿಯುವ ಕೊಳವೆಯೇ ಅನ್ನನಾಳ. ವಯಸ್ಕರಲ್ಲಿ ಇದರ ಉದ್ದ ಸುಮಾರು 25 ಸೆಂಟಿಮೀಟರ್. ಆಗತಾನೆ ಹುಟ್ಟಿದ ಮಗುವಿನಲ್ಲಿ 8ರಿಂದ 10 ಸೆಂಟಿಮೀಟರ್ ಮಾತ್ರ. ಅನ್ನನಾಳ ಜಠರವನ್ನು ಸೇರುವಲ್ಲಿ ಸ್ನಾಯುವಿನ ಒಂದು ಉಂಗುರವಿದೆ. ನುಂಗಿದಾಗ ತೆರೆದು ಆಹಾರವನ್ನು ಒಳಗೆ ಬಿಡುವುದು, ಉಳಿದ ಹೊತ್ತು ಮುಚ್ಚಿಕೊಂಡಿರುವುದು ಅದರ ಕೆಲಸ.

ಮಕ್ಕಳಲ್ಲಿ ಈ ಸ್ನಾಯು ಬಲಹೀನವಾಗಿರುವುದೇ ಕಕ್ಕುವುದಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯದ ವೈದ್ಯ ಜಾನ್ ಡೆಂಟ್ ಮತ್ತು ಸಂಗಡಿಗರು 1980ರಲ್ಲಿ ಆರೋಗ್ಯವಂತ ವಯಸ್ಕರ ಮೇಲೆ ನಡೆಸಿದ ಅಧ್ಯಯನ ಬೇರೆಯೇ ಸಂಗತಿಯನ್ನು ತೋರಿಸಿತು. ಉಂಗುರ ಬಲವಾಗಿಯೇ ಇರುತ್ತದೆ. ಆದರೆ ನುಂಗದೆ ಇದ್ದಾಗಲೂ ನಡುನಡುವೆ ಕೆಲವು ಸೆಕೆಂಡು ತಾನಾಗಿಯೇ ಸಡಿಲಗೊಳ್ಳುತ್ತದೆ. ಜಠರದಲ್ಲಿ ಸೇರಿದ ಗಾಳಿ ತೇಗಾಗಿ ಹೊರಬೀಳುವುದು ಈ ದಾರಿಯಲ್ಲೇ. ಹಸುಳೆಗಳಲ್ಲಿಯೂ ಹೀಗೆಯೇ ನಡೆಯುತ್ತದೆಂದು ಮುಂದೆ ಗೊತ್ತಾಯಿತು. ವ್ಯತ್ಯಾಸವಿಷ್ಟೇ: ದೊಡ್ಡವರು ಬಾಗಿಲು ತೆರೆದಾಗ ಸಾಮಾನ್ಯವಾಗಿ ಎದ್ದು ಕುಳಿತಿರುತ್ತಾರೆ, ಮೇಲೆ ಬರುವುದು ಗಾಳಿ. ಕೂಸು ಮಲಗಿರುತ್ತದೆ, ಅದರ ಜಠರದಲ್ಲಿರುವುದು ಬರೀ ದ್ರವ. ಹಾಗಾಗಿ ಗಾಳಿಯ ಜೊತೆ ಹಾಲೂ ಬರುತ್ತದೆ.

ಇನ್ನು ಕುಡಿಯುವ ಪ್ರಮಾಣವನ್ನು ನೋಡಿ. ಮೊದಲ ತಿಂಗಳುಗಳಲ್ಲಿ ಮಗುವಿಗೆ ದಿನಕ್ಕೆ, ತೂಕದ ಪ್ರತಿ ಕಿಲೋಗ್ರಾಮಿಗೆ, ಸುಮಾರು 150 ಮಿಲಿಲೀಟರ್ ಹಾಲು ಬೇಕು. ಇದೇ ಲೆಕ್ಕದಲ್ಲಿ 60 ಕಿಲೋ ತೂಕದ ವಯಸ್ಕ ದಿನಕ್ಕೆ 9 ಲೀಟರ್ ಹಾಲು ಕುಡಿದು, ಕುಡಿದ ಕೂಡಲೇ ಅಂಗಾತ ಮಲಗಬೇಕು! ಆತ ಕಕ್ಕದಿದ್ದರೆ ಆಶ್ಚರ್ಯ.

ಅಮೆರಿಕದ ಷಿಕಾಗೋ ಪ್ರದೇಶದಲ್ಲಿ 948 ಆರೋಗ್ಯವಂತ ಶಿಶುಗಳ ಪೋಷಕರನ್ನು ವಿಚಾರಿಸಿ 1997ರಲ್ಲಿ ಪ್ರಕಟಿಸಿದ ಸಮೀಕ್ಷೆ ಈ ಮಾತಿಗೆ ಅಂಕಿಗಳ ಆಧಾರ ಒದಗಿಸಿತು. ಮೂರು ತಿಂಗಳೊಳಗಿನ ಮಕ್ಕಳಲ್ಲಿ ಅರ್ಧದಷ್ಟು ದಿನಕ್ಕೊಮ್ಮೆಯಾದರೂ ಕಕ್ಕುತ್ತಿದ್ದವು. ನಾಲ್ಕನೆಯ ತಿಂಗಳಲ್ಲಿ ಇದು ಶೇ. 67ಕ್ಕೆ ಏರಿತು. 10ರಿಂದ 12 ತಿಂಗಳ ಹೊತ್ತಿಗೆ ಶೇ. 5ಕ್ಕೆ ಇಳಿದಿತ್ತು. ಮಗು ಕುಳಿತುಕೊಳ್ಳಲು, ಗಟ್ಟಿ ಆಹಾರ ತಿನ್ನಲು ಕಲಿತಂತೆ ಕಕ್ಕುವುದು ತಾನಾಗಿಯೇ ನಿಲ್ಲುತ್ತದೆ. ಹಾಗಾದರೆ ಇದು ಕಾಯಿಲೆಯಲ್ಲ, ಶೈಶವದ ಒಂದು ಘಟ್ಟ.

ಕುರ್ಚಿ, ಮಗುಚಿ ಮಲಗಿಸುವುದು ಮತ್ತು ಒಂದು ದುರಂತ

ಆದರೆ ವೈದ್ಯವಿಜ್ಞಾನ ಇದನ್ನು ಘಟ್ಟವೆಂದು ಒಪ್ಪಿಕೊಳ್ಳುವುದಕ್ಕೆ ಮುಂಚೆ ಅನೇಕ ಉಪಾಯಗಳನ್ನು ಮಾಡಿ ನೋಡಿತು. 1947ರಲ್ಲಿ ಅಮೆರಿಕದ ನ್ಯೂಹೌಸರ್ ಮತ್ತು ಬೆರೆನ್‌ಬರ್ಗ್ ಎಂಬ ವೈದ್ಯರು ಅನ್ನನಾಳದ ಉಂಗುರದ ಸಡಿಲಿಕೆಯಿಂದ ವಾಂತಿ ಮಾಡುವ ಶಿಶುಗಳ ಬಗ್ಗೆ ಬರೆದರು. ಮಗುವನ್ನು ನೆಟ್ಟಗೆ ಕೂರಿಸಿದರೆ ಗುರುತ್ವಾಕರ್ಷಣೆ ಹಾಲನ್ನು ಕೆಳಗೇ ಇಟ್ಟೀತು ಎಂಬುದು ಸಹಜವಾದ ತರ್ಕ. ಹೀಗೆ ಒರಗು ಕುರ್ಚಿಗಳು ಬಳಕೆಗೆ ಬಂದವು.

1983ರಲ್ಲಿ ಸೂಸನ್ ಓರೆನ್‌ಸ್ಟೈನ್ ಎಂಬ ಮಕ್ಕಳ ವೈದ್ಯೆ ಸಂಗಡಿಗರೊಡನೆ ಈ ಕುರ್ಚಿಯನ್ನೇ ಪರೀಕ್ಷೆಗೆ ಒಡ್ಡಿದರು. 60 ಡಿಗ್ರಿ ಕೋನದಲ್ಲಿ ಕೂರಿಸಿದ ಮಕ್ಕಳಲ್ಲಿ ಆಮ್ಲ ಮೇಲೆ ಬರುವುದು ಕಡಿಮೆಯಾಗಲಿಲ್ಲ. ಬೋರಲು ಮಲಗಿಸಿದ್ದಕ್ಕಿಂತ ಹೆಚ್ಚೇ ಆಯಿತು! ಕತ್ತು, ಬೆನ್ನು ಇನ್ನೂ ನಿಲ್ಲದ ಕೂಸು ಕುರ್ಚಿಯಲ್ಲಿ ಕುಸಿದು ಹೊಟ್ಟೆ ಮಡಚಿಕೊಳ್ಳುತ್ತದೆ. ಒತ್ತಡ ಹೆಚ್ಚಿ ಹಾಲು ಮೇಲಕ್ಕೆ ನುಗ್ಗುತ್ತದೆ.

ಹಾಗಾದರೆ ಬೋರಲು ಮಲಗಿಸುವುದೇ ಉತ್ತಮವೆಂದು ಹಲವರು ಭಾವಿಸಿದರು. ಕಕ್ಕುವುದರ ಮಟ್ಟಿಗೆ ಅದು ನಿಜವೂ ಆಗಿತ್ತು. ಆದರೆ ಅದೇ ದಶಕದಲ್ಲಿ ಬೇರೊಂದು ಕರಾಳ ಸತ್ಯ ಹೊರಬಿತ್ತು. ಬೋರಲಾಗಿ ನಿದ್ರಿಸುವ ಶಿಶುಗಳಲ್ಲಿ, ಆರೋಗ್ಯವಾಗಿದ್ದೂ ನಿದ್ದೆಯಲ್ಲೇ ಹಠಾತ್ತನೆ ಸಾಯುವ ಪ್ರಮಾಣ ಬಹಳ ಹೆಚ್ಚಾಗಿತ್ತು. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತವೇ ಮಲಗಿಸಿ ಎಂಬ ಪ್ರಚಾರಾಂದೋಲನ ನಡೆಯಿತು. ಅಮೆರಿಕದಲ್ಲಿ ಇಂತಹ ಸಾವುಗಳು 1992ರಲ್ಲಿ ಸಾವಿರ ಜನನಕ್ಕೆ 1.2 ಇದ್ದದ್ದು 2001ರ ವೇಳೆಗೆ 0.56ಕ್ಕೆ ಇಳಿದವು. ಒಂದು ಗುಳಿಗೆಯೂ ಇಲ್ಲದೆ ಅರ್ಧಕ್ಕರ್ಧ ಜೀವಗಳು ಉಳಿದವು.

ಅಂಗಾತ ಮಲಗಿದ ಮಗು ಕಕ್ಕಿದರೆ ಉಸಿರುಗಟ್ಟುವುದಿಲ್ಲವೆ? ತಾಯಂದಿರ ಈ ಭಯ ಸಹಜ. ಅಂಗರಚನೆ ಇಲ್ಲಿ ಧೈರ್ಯ ಕೊಡುತ್ತದೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿದ್ದು ಅನ್ನನಾಳ ಅದರ ಕೆಳಗಿರುತ್ತದೆ. ಮೇಲೆ ಬಂದ ಹಾಲು ಶ್ವಾಸನಾಳಕ್ಕೆ ಇಳಿಯಬೇಕಾದರೆ ಏರು ಹತ್ತಬೇಕು. ಆದ್ದರಿಂದ ಕಕ್ಕುವ ಮಗುವನ್ನೂ ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತವೇ ಮಲಗಿಸಬೇಕು. ತಲೆಯ ಕೆಳಗೆ ದಿಂಬು ಏರಿಸುವುದರಿಂದ ಪ್ರಯೋಜನವಿಲ್ಲ, ಅಪಾಯವಿದೆ. ಇಳಿಜಾರಾದ ಮಲಗುವ ತೊಟ್ಟಿಲೊಂದರಲ್ಲಿ 30ಕ್ಕೂ ಹೆಚ್ಚು ಶಿಶುಗಳ ಸಾವು ವರದಿಯಾದ ಮೇಲೆ ಅಮೆರಿಕದಲ್ಲಿ 2019ರಲ್ಲಿ 47 ಲಕ್ಷ ತೊಟ್ಟಿಲುಗಳನ್ನು ಹಿಂದಕ್ಕೆ ಪಡೆಯಲಾಯಿತು; 2022ರಲ್ಲಿ ಅಂತಹವುಗಳ ಮಾರಾಟವನ್ನೇ ಕಾನೂನು ನಿಷೇಧಿಸಿತು.

ಆಮ್ಲ ತಗ್ಗಿದರೂ ಅಳು ತಗ್ಗದು

ಇನ್ನು ಔಷಧದ ಮಾತು. ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ಇಂಗ್ಲೆಂಡಿನ ವಿಲಿಯಂ ಪ್ರೌಟ್ 1823ರಲ್ಲೇ ತೋರಿಸಿದ್ದ. ಅದನ್ನು ತಗ್ಗಿಸುವ ಸಮರ್ಥ ಔಷಧಗಳು ದೊರೆತದ್ದು ಒಂದೂವರೆ ಶತಮಾನದ ನಂತರ. ಜೇಮ್ಸ್ ಬ್ಲ್ಯಾಕ್ ಅವರ ಸಂಶೋಧನೆಯಿಂದ ಸಿಮೆಟಿಡೀನ್ 1976ರಲ್ಲಿ ಬಂತು. ಅವರಿಗೆ 1988ರಲ್ಲಿ ನೊಬೆಲ್ ಪಾರಿತೋಷಕದ ಪಾಲು ಸಂದಿತು. ಅದೇ ಜಾಡಿನಲ್ಲಿ ರ‍್ಯಾನಿಟಿಡೀನ್ ಬಂತು. ಆಮ್ಲವನ್ನು ಸ್ರವಿಸುವ ಜೀವಕೋಶದ ‘ಪಂಪ್’ ಅನ್ನೇ ನಿಲ್ಲಿಸುವ ಒಮೆಪ್ರಝೋಲ್, ಲ್ಯಾನ್ಸೊಪ್ರಝೋಲ್ ಮುಂತಾದವು ನಂತರ ಬಂದವು. ವಯಸ್ಕರ ಹೊಟ್ಟೆಹುಣ್ಣಿಗೆ, ಎದೆಯುರಿಗೆ ಇವು ವರದಾನವೇ ಸರಿ. ದೊಡ್ಡವರಿಗೆ ಒಳ್ಳೆಯದಾದದ್ದು ಕೂಸಿಗೂ ಒಳ್ಳೆಯದಾಗಬೇಕಲ್ಲವೆ ಎಂದು ಮಕ್ಕಳಿಗೂ ಬರೆದುಕೊಡಲಾಯಿತು.

ಇಲ್ಲೊಂದು ಸರಳ ಸಂಗತಿ ಮರೆತುಹೋಗಿತ್ತು. ಈ ಔಷಧಗಳು ಆಮ್ಲವನ್ನು ತಗ್ಗಿಸುತ್ತವೆ, ಬಾಗಿಲನ್ನು ಮುಚ್ಚುವುದಿಲ್ಲ. ಹಾಲು ಮೊದಲಿನಷ್ಟೇ ಮೇಲೆ ಬರುತ್ತದೆ. ಅಲ್ಲದೆ ಹಾಲು ತಾನೇ ಆಮ್ಲವನ್ನು ಹೀರಿ ಸಪ್ಪೆ ಮಾಡುವ ವಸ್ತು. ಕುಡಿದ ಮೇಲೆ ಒಂದೆರಡು ಗಂಟೆ ಕೂಸಿನ ಜಠರದಲ್ಲಿ ಹೇಳಿಕೊಳ್ಳುವಂತಹ ಹುಳಿ ಇರುವುದಿಲ್ಲ. ಎರಡು ಮೂರು ಗಂಟೆಗೊಮ್ಮೆ ಕುಡಿಯುವ ಮಗುವಿನಲ್ಲಿ ಮೇಲೆ ಬರುವುದು ಹೆಚ್ಚಾಗಿ ಹುಳಿಯಿಲ್ಲದ ಹಾಲೇ. ಇಲ್ಲದ ಆಮ್ಲಕ್ಕೆ ಮದ್ದು ಕೊಟ್ಟು ಫಲವೇನು?

ಇದನ್ನು ಪರೀಕ್ಷಿಸಿದವರು ಮೊದಲು ಆಸ್ಟ್ರೇಲಿಯದ ವೈದ್ಯರು. ಸದಾ ಅಳುತ್ತಿದ್ದ 30 ಶಿಶುಗಳಿಗೆ ಒಮೆಪ್ರಝೋಲನ್ನೂ, ಅದೇ ರೂಪದ ಔಷಧವಿಲ್ಲದ ಪುಡಿಯನ್ನೂ ಸರದಿಯಲ್ಲಿ ಕೊಟ್ಟು 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಔಷಧದಿಂದ ಆಮ್ಲವೇನೋ ಗಣನೀಯವಾಗಿ ಇಳಿದಿತ್ತು. ಅಳು ಮಾತ್ರ ಎರಡರಲ್ಲೂ ಒಂದೇ ರೀತಿ ಇಳಿದಿತ್ತು. 2009ರಲ್ಲಿ ಅದೇ ಸೂಸನ್ ಓರೆನ್‌ಸ್ಟೈನ್, ಕುರ್ಚಿಯ ಪ್ರಯೋಗದ 26 ವರ್ಷಗಳ ನಂತರ, 162 ಶಿಶುಗಳ ಮೇಲೆ ಲ್ಯಾನ್ಸೊಪ್ರಝೋಲಿನ ಪರೀಕ್ಷೆಯನ್ನು ಮುಗಿಸಿದರು. ಔಷಧ ಪಡೆದವರಲ್ಲಿ ಶೇ. 54 ಮಕ್ಕಳು ಸುಧಾರಿಸಿದ್ದರು. ಔಷಧವಿಲ್ಲದ ಪುಡಿ ಪಡೆದವರಲ್ಲಿ? ಅಲ್ಲಿಯೂ ಶೇ. 54! ಗಂಭೀರ ತೊಂದರೆಗಳು, ಅದರಲ್ಲೂ ಶ್ವಾಸಕೋಶದ ಸೋಂಕು, ಔಷಧ ಪಡೆದವರಲ್ಲೇ ಹೆಚ್ಚಾಗಿ ಕಂಡವು.

ಪುಡಿಯಿಂದಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸುಧಾರಿಸಿದ್ದು ಹೇಗೆ? ಉತ್ತರ 1962ರಷ್ಟು ಹಿಂದೆಯೇ ಸಿಕ್ಕಿತ್ತು. ಅಮೆರಿಕದ ವೈದ್ಯ ಬೆರ‍್ರಿ ಬ್ರೇಝಲ್ಟನ್ 80 ಆರೋಗ್ಯವಂತ ಶಿಶುಗಳ ಅಳುವನ್ನು ತಾಯಂದಿರಿಂದ ಬರೆಸಿದ್ದರು. ಆರನೆಯ ವಾರದಲ್ಲಿ ಅಳು ಶಿಖರ ಮುಟ್ಟಿ ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆಯಾಗುತ್ತಿತ್ತು. ಆಮೇಲೆ ತಾನೇ ಇಳಿಯುತ್ತಿತ್ತು. ಹೆತ್ತವರು ಕಂಗಾಲಾಗಿ ಮದ್ದು ತರುವುದು ಶಿಖರದ ಹೊತ್ತಿಗೆ. ಆಗ ಏನು ಕೊಟ್ಟರೂ ಎರಡು ವಾರದಲ್ಲಿ ಗುಣ ಕಾಣುತ್ತದೆ. ಕೀರ್ತಿ ಮದ್ದಿಗೆ, ಓಮದ ನೀರಿಗೆ ಅಥವಾ ಕಟ್ಟಿದ ತಾಯಿತಕ್ಕೆ ಸಲ್ಲುತ್ತದೆ.

ಪ್ರಯೋಜನವಾಗದಿದ್ದರೂ ಹಾನಿಯಿಲ್ಲವಲ್ಲ ಎನ್ನುವಂತೆಯೂ ಇಲ್ಲ. ಜಠರದ ಆಮ್ಲ ಆಹಾರದೊಡನೆ ಬರುವ ರೋಗಾಣುಗಳನ್ನು ಕೊಲ್ಲುವ ಕಾವಲುಗಾರ. ಆಮ್ಲ ತಗ್ಗಿಸಿದ ಮಕ್ಕಳಲ್ಲಿ ವಾಂತಿಭೇದಿ, ನ್ಯುಮೋನಿಯ ಹೆಚ್ಚೆಂದು ಇಟಲಿಯ ವೈದ್ಯರು 2006ರಲ್ಲಿ ವರದಿ ಮಾಡಿದರು. ಅಮೆರಿಕದ ಸೇನಾ ಕುಟುಂಬಗಳ ಎಂಟೂವರೆ ಲಕ್ಷ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ 2019ರ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಪಂಪ್ ನಿಲ್ಲಿಸುವ ಔಷಧ ಪಡೆದವರಲ್ಲಿ ಮುಂದೆ ಮೂಳೆ ಮುರಿತ ಸುಮಾರು ಐದನೇ ಒಂದು ಭಾಗದಷ್ಟು ಹೆಚ್ಚಿತ್ತು. ಔಷಧವೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಎಚ್ಚರಿಕೆಗೆ ಸಾಕು.

ಉಳಿದ ಔಷಧಗಳ ಕಥೆಯೂ ಇಂಥದ್ದೇ. ಜಠರವನ್ನು ಬೇಗ ಖಾಲಿ ಮಾಡಿಸಲು ಬಂದ ಸಿಸಪ್ರೈಡ್ ಹೃದಯದ ಲಯವನ್ನು ಕೆಡಿಸಿ ಸಾವುಗಳಿಗೆ ಕಾರಣವಾದುದರಿಂದ 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ಭಾರತ ಅದನ್ನು ನಿಷೇಧಿಸಿದ್ದು 2011ರಲ್ಲಿ. ಡೊಂಪೆರಿಡೋನಿನ ಬಳಕೆಯನ್ನು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಹೃದಯದ ಕಾರಣಕ್ಕಾಗಿಯೇ 2014ರಲ್ಲಿ ಬಿಗಿಗೊಳಿಸಿತು. ಕ್ಯಾನ್ಸರ್‌ಕಾರಕವಾಗಬಹುದಾದ ಕಶ್ಮಲ ಸೇರಿರುವುದು ಗೊತ್ತಾಗಿ ರ‍್ಯಾನಿಟಿಡೀನನ್ನು ಅಮೆರಿಕದಲ್ಲಿ 2020ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ 2022ರಲ್ಲಿ ಅದನ್ನು ಕೈಬಿಡಲಾಯಿತು. ಮನೆಯ ಕಪಾಟಿನಲ್ಲಿ ಅಣ್ಣನಿಗೋ ಅಕ್ಕನಿಗೋ ಬರೆದುಕೊಟ್ಟ ಹಳೆಯ ಸೀಸೆ ಉಳಿದಿದ್ದರೆ ಅದನ್ನು ತಮ್ಮನಿಗೆ ಹಾಕಕೂಡದು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಮೊದಲು ಹಾಲಿನ ಲೆಕ್ಕ

ಹಾಗಾದರೆ ಮಾಡಬೇಕಾದದ್ದೇನು? ಉತ್ತರ ಅಮೆರಿಕ ಮತ್ತು ಯುರೋಪಿನ ಮಕ್ಕಳ ಜಠರರೋಗ ತಜ್ಞರ ಸಂಘಗಳು 2018ರಲ್ಲಿ ಒಟ್ಟಾಗಿ ಹೊರತಂದ ಮಾರ್ಗಸೂಚಿ ಆಹಾರದಿಂದಲೇ ಆರಂಭಿಸುತ್ತದೆ.

ಎದೆಹಾಲು ಕುಡಿಯುವ ಮಗುವಿಗೆ ಎದೆಹಾಲನ್ನು ಯಾವ ಕಾರಣಕ್ಕೂ ಬಿಡಿಸಬಾರದು. ಮಗು ಸ್ತನವನ್ನು ಸರಿಯಾಗಿ ಬಾಯಿತುಂಬ ಹಿಡಿದರೆ ಗಾಳಿ ನುಂಗುವುದು ಕಡಿಮೆ. ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗಿಸಿ, ಸ್ವಲ್ಪ ಹೊತ್ತು ನೆಟ್ಟಗೆ ಎತ್ತಿಕೊಂಡಿರಬೇಕು. ಕುಡಿದ ಕೂಡಲೇ ಸೀರೆಯ ಜೋಲಿಯಲ್ಲಿ ಮುದುಡಿ ಮಲಗಿಸಿ ಜೋರಾಗಿ ತೂಗುವುದು ತಕ್ಕುದಲ್ಲ. ಮನೆಯೊಳಗೆ ಬೀಡಿ, ಸಿಗರೇಟಿನ ಹೊಗೆ ಇದ್ದರೆ ತೊಂದರೆ ಹೆಚ್ಚುತ್ತದೆ.

ಅನಿವಾರ್ಯವಾಗಿ ಡಬ್ಬಿಯ ಹಾಲು ಕುಡಿಯುವ ಮಗುವಾದರೆ ಒಟ್ಟು ಪ್ರಮಾಣ ಮಿತಿಯಲ್ಲಿದೆಯೇ ಎಂದು ಮೊದಲು ಲೆಕ್ಕ ಹಾಕಬೇಕು. 5 ಕಿಲೋ ತೂಕದ ಕೂಸಿಗೆ ದಿನಕ್ಕೆ ಸುಮಾರು 750 ಮಿಲಿಲೀಟರ್ ಸಾಕು. ಅದನ್ನು ಆರು ಸಲ ಕೊಟ್ಟರೆ ಒಮ್ಮೆಗೆ 125. ಎಂಟು ಸಲ ಹಂಚಿದರೆ ಒಮ್ಮೆಗೆ ಸುಮಾರು 94. ಜಠರದ ಮೇಲಿನ ಹೊರೆ ಅಷ್ಟು ಹಗುರವಾಗುತ್ತದೆ. ಎಷ್ಟೋ ಸಲ ಕಕ್ಕುವುದಕ್ಕೆ ಕಾರಣ ಸೀಸೆ ಖಾಲಿಯಾಗಲೇಬೇಕೆಂಬ ಹಟವಷ್ಟೇ.

ಹಾಲನ್ನು ಗಟ್ಟಿ ಮಾಡಿ ಕೊಡುವುದು ಇನ್ನೊಂದು ಉಪಾಯ. ಇದರಿಂದ ಕಣ್ಣಿಗೆ ಕಾಣುವ ವಾಂತಿ ಕಡಿಮೆಯಾಗುತ್ತದೆ. ಆದರೆ ಇದನ್ನು ವೈದ್ಯರು ಹೇಳಿದ ಮೇಲೆಯೇ ಮಾಡಬೇಕು. ಅಕ್ಕಿಯಲ್ಲಿ ಆರ್ಸೆನಿಕ್ ಅಂಶ ಇರಬಹುದಾದ್ದರಿಂದ ಶಿಶುಗಳ ಅಕ್ಕಿ ಆಹಾರಕ್ಕೆ ಅಮೆರಿಕ 2020ರಲ್ಲಿ ನೂರು ಕೋಟಿಗೆ ನೂರು ಭಾಗವೆಂಬ ಮಿತಿ ಹಾಕಿದೆ. ಹಿಂಡಿದ ಎದೆಹಾಲಿಗೆ ಅಕ್ಕಿಹಿಟ್ಟು ಬೆರೆಸುವುದಂತೂ ವ್ಯರ್ಥ. ಎದೆಹಾಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಮತ್ತೆ ನೀರಾಗಿಸುತ್ತದೆ. ಕರ್ನಾಟಕದ ಮನೆಗಳ ರಾಗಿ ಸರಿ ಉತ್ತಮ ಆಹಾರವೇ, ಆದರೆ ಆರು ತಿಂಗಳು ತುಂಬಿದ ಮೇಲೆ. ಜೇನುತುಪ್ಪ ನೆಕ್ಕಿಸುವುದು ವರ್ಷ ತುಂಬುವವರೆಗೆ ಕೂಡದು. ಅದರಲ್ಲಿರಬಹುದಾದ ಬಾಟ್ಯುಲಿಸಂ ಬೀಜಾಣುಗಳು ಕೂಸಿನ ಕರುಳಿನಲ್ಲಿ ಮೊಳೆತು ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸಬಲ್ಲವು. ಕಲ್ಲಿನ ಮೇಲೆ ತೇದು ನೆಕ್ಕಿಸುವ ಬಜೆ, ಜಾಯಿಕಾಯಿಗಳಿಗೂ ಈ ವಯಸ್ಸಿನಲ್ಲಿ ಜಾಗವಿಲ್ಲ.

ಇಷ್ಟರಿಂದಲೂ ಮಗು ಚೇತರಿಸದಿದ್ದರೆ ವೈದ್ಯರು ಹಸುವಿನ ಹಾಲಿನ ಪ್ರೋಟೀನಿನ ಅಲರ್ಜಿಯನ್ನು ಶಂಕಿಸುತ್ತಾರೆ. ಇದರ ಲಕ್ಷಣಗಳು ಆಮ್ಲದ ತೊಂದರೆಯನ್ನೇ ಹೋಲುತ್ತವೆ. ತಾಯಿ ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಮಜ್ಜಿಗೆ, ಪನೀರು, ಪೇಡ, ಹಾಲು ಬೆರೆಸಿದ ಕಾಫಿ ಎಲ್ಲವನ್ನೂ ಬಿಟ್ಟು ನೋಡಬೇಕಾಗುತ್ತದೆ. ತುಪ್ಪದಲ್ಲೂ ಪ್ರೋಟೀನಿನ ಲೇಶ ಉಳಿದಿರುತ್ತದೆ. ಬಾಣಂತಿಗೆ ಹಾಲು ತುಪ್ಪವೇ ಪ್ರಧಾನವಾದ ಮನೆಯಲ್ಲಿ ಇದು ಸುಲಭದ ವ್ರತವಲ್ಲ. ಎಮ್ಮೆಯ ಹಾಲಿಗೋ ಮೇಕೆಯ ಹಾಲಿಗೋ ಬದಲಾಯಿಸಿದರೆ ಆಗದು. ಅವುಗಳ ಪ್ರೋಟೀನು ಹಸುವಿನದನ್ನೇ ಹೋಲುತ್ತದೆ. ಸುಣ್ಣದ ಅಂಶಕ್ಕೆ ರಾಗಿ, ಎಳ್ಳು, ಸೊಪ್ಪು ನೆರವಾಗುತ್ತವೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಡಬ್ಬಿ ಹಾಲಿನ ಮಗುವಿಗೆ ಪ್ರೋಟೀನನ್ನು ಚೂರಾಗಿಸಿದ ವಿಶೇಷ ಹಾಲಿನ ಪುಡಿಯನ್ನು ಸೂಚಿಸುತ್ತಾರೆ. ನಾಲ್ಕು ವಾರದಲ್ಲಿ ಗುಣ ಕಾಣದಿದ್ದರೆ ತಾಯಿ ಪಥ್ಯವನ್ನು ಮುಂದುವರಿಸಬೇಕಾದ್ದಿಲ್ಲ.

ಔಷಧ ಬೇಕಾಗುವುದು ಯಾವಾಗ?

ಔಷಧ ಬೇಡವೇ ಬೇಡವೆಂದು ಇದರ ಅರ್ಥವಲ್ಲ. ಕೆಲವು ಮಕ್ಕಳಲ್ಲಿ ಆಮ್ಲ ಅನ್ನನಾಳವನ್ನು ನಿಜಕ್ಕೂ ಸುಟ್ಟು ಹುಣ್ಣು ಮಾಡುತ್ತದೆ. ಅಂತಹ ಕೂಸು ಹಸಿದಿದ್ದರೂ ಎರಡು ಗುಟುಕು ಕುಡಿದು ಕಿರುಚಿ ಮುಖ ತಿರುಗಿಸುತ್ತದೆ, ತೂಕ ಏರುವುದಿಲ್ಲ. ಮಿದುಳಿನ ತೊಂದರೆಯಿರುವ, ಹುಟ್ಟಿನಲ್ಲೇ ಅನ್ನನಾಳದ ಶಸ್ತ್ರಚಿಕಿತ್ಸೆಯಾದ ಮಕ್ಕಳಿಗೆ ಈ ಅಪಾಯ ಹೆಚ್ಚು. ಇಂತಹವರಿಗೆ ಆಮ್ಲ ತಗ್ಗಿಸುವ ಔಷಧ ನಿಜವಾದ ಉಪಕಾರಿ. ಅದನ್ನು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಕೊಟ್ಟು, ಮತ್ತೆ ಪರೀಕ್ಷಿಸಿ, ನಿಲ್ಲಿಸಬಹುದೇ ಎಂದು ನೋಡುತ್ತಾರೆ. ತಿಂಗಳುಗಟ್ಟಲೆ ತಾನಾಗಿ ಮುಂದುವರಿಸುವ ಔಷಧ ಅದಲ್ಲ. ಪ್ರಮಾಣವನ್ನು ತೂಕಕ್ಕೆ ತಕ್ಕಂತೆ ವೈದ್ಯರೇ ನಿರ್ಧರಿಸಬೇಕು.

ಅಜ್ಜಿಯ ‘ಬಿಡು’ ಎಂಬ ಮಾತನ್ನು ಕೇಳಬಾರದ ಸಂದರ್ಭಗಳೂ ಇವೆ. ವಾಂತಿ ಹಸಿರು ಬಣ್ಣದ್ದಾಗಿದ್ದರೆ ಕರುಳು ತಿರುಚಿಕೊಂಡಿರಬಹುದು. ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು. ಮೂರರಿಂದ ಆರು ವಾರದ ಮಗು ಪ್ರತಿ ಸಲವೂ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ, ತಕ್ಷಣ ಹಸಿವಿನಿಂದ ಮತ್ತೆ ಬಾಯಿ ಹಾಕಿದರೆ ಜಠರದ ಹೊರಬಾಗಿಲಿನ ಸ್ನಾಯು ದಪ್ಪವಾಗಿರಬಹುದು. ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಅದು ಪೂರ್ಣ ಗುಣವಾಗುತ್ತದೆ. ವಾಂತಿಯಲ್ಲಿ ರಕ್ತ, ಉಬ್ಬಿದ ಹೊಟ್ಟೆ, ಜ್ವರ, ಮಂಕು, ಉಬ್ಬಿದ ನೆತ್ತಿ, ಕಡಿಮೆಯಾದ ಮೂತ್ರ, ಆರು ತಿಂಗಳ ನಂತರ ಹೊಸದಾಗಿ ಆರಂಭವಾದ ವಾಂತಿ, ಇವುಗಳಲ್ಲಿ ಯಾವುದನ್ನೂ ‘ಆಸಿಡಿಟಿ’ ಎಂದು ತಳ್ಳಿಹಾಕಬಾರದು.

ಇವೇನೂ ಇಲ್ಲದಿದ್ದರೆ ಮನೆಯವರಿಗೆ ಬೇಕಾದ ಉಪಕರಣ ಒಂದೇ, ತೂಕದ ತಕ್ಕಡಿ. ಮೊದಲ ಮೂರು ತಿಂಗಳಲ್ಲಿ ಮಗು ದಿನಕ್ಕೆ 20ರಿಂದ 30 ಗ್ರಾಂ ಏರಬೇಕು; ಐದನೆಯ ತಿಂಗಳ ಹೊತ್ತಿಗೆ ಹುಟ್ಟಿದಾಗಿನ ತೂಕ ಇಮ್ಮಡಿಯಾಗಬೇಕು. ಅಂಗನವಾಡಿಯಲ್ಲಿ ತೂಗಿ ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸಿದ ಗೆರೆ ಮೇಲೇರುತ್ತಿದ್ದರೆ, ನೆರೆಯಾಕೆಯ ‘ಮಗುವಿಗೆ ದಕ್ಕುವುದಾದರೂ ಏನು?’ ಎಂಬ ಪ್ರಶ್ನೆಗೆ ಉತ್ತರ ಆ ಕಾರ್ಡಿನಲ್ಲೇ ಇದೆ. ಬೇಕಾದಷ್ಟು ದಕ್ಕಿದೆ. ಉಳಿದದ್ದಕ್ಕೆ ಹೆಗಲ ಮೇಲೊಂದು ಹಳೆಯ ಪಂಚೆಯ ತುಂಡು ಸಾಕು. ಮಗು ಎದ್ದು ಕುಳಿತು ಅನ್ನ ತಿನ್ನುವ ಹೊತ್ತಿಗೆ ಅದನ್ನೂ ಮಡಚಿಡಬಹುದು.